ಗೆರೆ ಎಲ್ಲಿದೆ ಸ್ವಾಮಿ?

‘ನಮ್ದು ಥರ್ಟಿ-ಫಾರ್ಟಿ ಸೈಟು’ ಎಂದು ಎದೆಯುಬ್ಬಿಸಿ ಹೇಳುವ ಎಷ್ಟೋ ಜನರ ಸೈಟು ಮೂವತ್ತೂ ಇರುವುದಿಲ್ಲ, ನಲವತ್ತೂ ಇರುವುದಿಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹಂಚುತ್ತ ಬಂದಿರುವ ಆ ಅಳತೆಯ ಸೈಟು 9 ಮೀಟರ್‌ಗೆ 12 ಮೀಟರ್. ಅಡಿಗೆ ತಿರುಗಿಸಿದರೆ ಇಪ್ಪತ್ತೊಂಬತ್ತೂವರೆ ಅಡಿ, ಮೂವತ್ತೊಂಬತ್ತು ಅಡಿ ನಾಲ್ಕೂವರೆ ಇಂಚು. ಚದರಡಿಯಲ್ಲಿ 1,162. ಉಳಿದ 38 ಚದರಡಿ, ಅಂದರೆ ಒಂದು ದೇವರ ಕೋಣೆಯಷ್ಟು ಜಾಗ, ಮಾತಿನಲ್ಲೇ ಹುಟ್ಟಿ ಮಾತಿನಲ್ಲೇ ಬೆಳೆದದ್ದು.

ಮನೆ ಕಟ್ಟುವಾಗ ಇದು ಯಾರಿಗೂ ಗೊತ್ತಾಗುವುದಿಲ್ಲ. ಸುತ್ತ ಜಾಗ ಬಿಟ್ಟು ಕಟ್ಟುತ್ತೇವಲ್ಲ, ಕಡಿಮೆ ಬಿದ್ದದ್ದೆಲ್ಲ ಆ ಸಂದಿಯಲ್ಲಿ ಮುಚ್ಚಿಹೋಗುತ್ತದೆ. ಕಾಂಪೌಂಡ್ ಮಾತ್ರ ಸರಿಯಾಗಿ ಗೆರೆಯ ಮೇಲೇ ನಿಲ್ಲಬೇಕು. ಮೇಸ್ತ್ರಿ ಟೇಪು ಹಿಡಿದು ‘ಮೂವತ್ತು ಅಲ್ವಾ ಸಾರ್?’ ಎಂದು ಕೇಳಿ, ನೀವು ‘ಹೂಂ’ ಎಂದು, ಮೂವತ್ತಕ್ಕೆ ಗೂಟ ಹೊಡೆದರೆ ಅರ್ಧ ಅಡಿ ಪಕ್ಕದವರ ಸೈಟಿನಲ್ಲಿರುತ್ತದೆ. ಪಕ್ಕದವರ ಮೇಸ್ತ್ರಿಯೂ ಇದೇ ಗುರುಕುಲದಲ್ಲಿ ಕಲಿತವನಾದ್ದರಿಂದ ಅವನ ಅರ್ಧ ಅಡಿ ಆಚೆಯವರದ್ದರಲ್ಲಿ. ಹೀಗೆ ಸಾಲು ಪೂರ್ತಿ ಅರ್ಧರ್ಧ ಅಡಿ ಸರಿಯುತ್ತಾ ಹೋಗಿ, ಕೊನೆಯ ಸೈಟಿನವನು ಬಂದು ನೋಡಿದಾಗ ಅವನ ಪಾಲಿಗೆ ಉಳಿದಿರುವುದು ಒಂದು ಉದ್ದನೆಯ ಓಣಿ.

ಆದ್ದರಿಂದ ಟೇಪಿಗಿಂತ ಮೊದಲು ಕ್ರಯಪತ್ರ ತೆಗೆಯಿರಿ. ಕೊನೆಯ ಪುಟಗಳಲ್ಲಿ ಷೆಡ್ಯೂಲ್, ಅದರಡಿ ಚಕ್ಕುಬಂದಿ. ಪೂರ್ವಕ್ಕೆ ಸೈಟ್ ನಂಬರ್ 46, ಪಶ್ಚಿಮಕ್ಕೆ 48, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ‘ಖಾಸಗಿ ಸ್ವತ್ತು’. ಈ ಖಾಸಗಿ ಸ್ವತ್ತು ಕರ್ನಾಟಕದ ಅತ್ಯಂತ ನಿಗೂಢ ಆಸಾಮಿ. ಅವನು ಯಾರೆಂಬುದು ನೀವು ಪಾಯ ತೋಡಿದ ಮಾರನೆಯ ಬೆಳಗ್ಗೆ ಆರು ಗಂಟೆಗೆ ತಿಳಿಯುತ್ತದೆ. ಹಳೆಯ ಪತ್ರಗಳಲ್ಲಿ ‘ಹುಣಸೆಮರ’ ಎಂದೋ ‘ಓಣಿ’ ಎಂದೋ ಇರುವುದೂ ಉಂಟು. ಮರ ಸೌದೆಯಾಗಿ ಕಾಲವಾಗಿದೆ, ಓಣಿ ಯಾರದೋ ಅಡುಗೆಮನೆಯಾಗಿದೆ. ಕ್ರಯಪತ್ರ, ಖಾತೆ, ಅನುಮೋದಿತ ಲೇಔಟ್ ನಕ್ಷೆ, ಕಾಲಡಿಯ ನೆಲ, ಈ ನಾಲ್ಕರ ಅಳತೆ ಒಂದೇ ಇದ್ದರೆ ನೀವು ಪುಣ್ಯವಂತರು. ಪತ್ರದಲ್ಲೇ ತಪ್ಪಿದ್ದರೆ ತಿದ್ದುಪಡಿ ಪತ್ರ ನೋಂದಾಯಿಸಬೇಕು. ಅದಕ್ಕೆ ಮಾರಿದವರ ಸಹಿ ಬೇಕು. ಮಾರಿದವರು ದುಡ್ಡು ಎಣಿಸಿಕೊಂಡ ದಿನದಿಂದ ಫೋನ್ ಎತ್ತುವುದನ್ನು ಬಿಟ್ಟಿರುತ್ತಾರೆ.

ಅಳೆಸುವುದು ಯಾರಿಂದ? ಇಲ್ಲಿ ಬಹಳ ಜನ ಎಡವುತ್ತಾರೆ. ಜಮೀನಾದರೆ ಹದ್ದುಬಸ್ತಿಗೆ ಅರ್ಜಿ ಹಾಕಿದರೆ ಇಲಾಖೆಯ ಸರ್ವೆಯರ್ ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಕೊಟ್ಟು, ದಿನ ಗೊತ್ತು ಮಾಡಿ, ಹಳೇ ದಾಖಲೆ ನೋಡಿ ಹದ್ದು ತೋರಿಸುತ್ತಾರೆ. ಆದರೆ ಅವರು ಅಳೆಯುವುದು ಸರ್ವೆ ನಂಬರನ್ನು. ಆ ಸರ್ವೆ ನಂಬರಿನ ಹೊಟ್ಟೆಯಲ್ಲಿ ಯಾರೋ ಬಿಡಿಸಿದ ಲೇಔಟಿನ 47ನೇ ಸೈಟು ಎಲ್ಲಿದೆ ಎಂಬುದು ಅವರ ಪುಸ್ತಕದಲ್ಲಿ ಇಲ್ಲ. ಅದಕ್ಕೆ ಲೇಔಟ್ ನಕ್ಷೆ ಹಿಡಿದು ಪರವಾನಗಿ ಇರುವ ಖಾಸಗಿ ಸರ್ವೆಯರನ್ನು ಕರೆಯಬೇಕು. ಕರೆದಾಗ ಎರಡೂ ಪಕ್ಕದವರು ಎದುರಿಗೇ ಇರಲಿ. ಬೆನ್ನ ಹಿಂದೆ ನೆಟ್ಟ ಕಲ್ಲಿಗೆ ರಾತ್ರಿ ಕಾಲು ಬರುತ್ತದೆ.

ಸರ್ವೆಯರ್ ಬರುವ ತನಕ ಕೈ ಸುಮ್ಮನಿರದಿದ್ದರೆ ನೀವೇ ಒಂದು ಪರೀಕ್ಷೆ ಮಾಡಬಹುದು. ನಾಲ್ಕೂ ಬದಿ ಅಳೆದು ಸರಿ ಬಂತೆಂದು ಹಿಗ್ಗಬೇಡಿ. ಬದಿಗಳೆಲ್ಲ ಸರಿಯಿದ್ದೂ ಸೈಟು ಓರೆಯಾಗಿರಬಹುದು, ಒತ್ತಿದ ಬೆಂಕಿಪೊಟ್ಟಣದ ಹಾಗೆ. ಮೂಲೆಯಿಂದ ಎದುರು ಮೂಲೆಗೆ ಅಳೆಯಿರಿ. ಮೂವತ್ತು-ನಲವತ್ತಕ್ಕೆ ಕರ್ಣ ಸರಿಯಾಗಿ 50 ಅಡಿ. 9-12ಕ್ಕೆ ಸರಿಯಾಗಿ 15 ಮೀಟರ್. ಎರಡೂ ಕರ್ಣ ಅಷ್ಟೇ ಬರಬೇಕು. ಹೈಸ್ಕೂಲಿನಲ್ಲಿ ‘ಇದು ಜೀವನದಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತೆ ಸಾರ್’ ಎಂದು ಕೇಳಿದ ಪೈಥಾಗೊರಸ್ ಪ್ರಮೇಯ ಕಾಯುತ್ತಿದ್ದದ್ದು ಈ ಸೈಟಿಗೇ. ಒಂದು ಕರ್ಣ 51, ಇನ್ನೊಂದು 49 ಬಂದರೆ ಸೈಟು ಸೊಟ್ಟಗಿದೆ. ಆಗ ಮೇಸ್ತ್ರಿ ಮೂಲೆಮಟ್ಟ ಇಟ್ಟು ‘ನೇರ’ ಮಾಡಿಕೊಡುತ್ತೇನೆ ಎನ್ನುತ್ತಾನೆ. ಒಪ್ಪಬೇಡಿ. ಅವನು ನೇರ ಮಾಡುವುದು ಪಕ್ಕದವರ ಖರ್ಚಿನಲ್ಲಿ.

ಗೋಡೆಗಿಂತ ಪಾಯದ ಜಗಳ ದೊಡ್ಡದು, ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ಆರಿಂಚಿನ ಬ್ಲಾಕ್ ಗೋಡೆಯನ್ನು ಹದ್ದಿಗೆ ಸರಿಯಾಗಿ ತಾಕಿಸಿ ಕಟ್ಟಿದಿರಿ ಎನ್ನಿ. ಕೆಳಗಿನ ಸೈಜುಗಲ್ಲಿನ ಪಾಯ ಒಂದೂವರೆ ಅಡಿ ಅಗಲ. ಗೋಡೆ ಪಾಯದ ನಟ್ಟನಡುವೆ ಕೂತರೆ ಮಣ್ಣೊಳಗೆ ಆರಿಂಚು ಕಲ್ಲು ಪಕ್ಕದ ಸೈಟಿಗೆ ನುಗ್ಗಿರುತ್ತದೆ. ಮೇಲೆ ನೋಡಿದರೆ ಸಾಧು, ಕೆಳಗೆ ಒತ್ತುವರಿದಾರ. ಐದು ವರ್ಷ ಬಿಟ್ಟು ಅವರು ಮನೆ ಕಟ್ಟಲು ತೋಡಿದಾಗ ನಿಮ್ಮ ಕಲ್ಲು ಸಿಗುತ್ತದೆ. ಜೆಸಿಬಿಯವನು ಅದನ್ನು ಯಾರಿಗೂ ಹೇಳದೆ ಕೀಳುತ್ತಾನೆ. ಮುಂದಿನ ಮಳೆಗಾಲಕ್ಕೆ ನಿಮ್ಮ ಗೋಡೆ ಅವರ ಸಂಪಿನ ಕಡೆಗೆ ಬಾಗಿ ನಮಸ್ಕಾರ ಮಾಡುತ್ತದೆ. ದಾರಿ ಎರಡೇ. ಗೋಡೆಯನ್ನು ಆರಿಂಚು ಒಳಗೆ ಎಳೆದುಕೊಳ್ಳುವುದು, ಇಲ್ಲವೇ ಪಾಯವನ್ನು ಪೂರ್ತಿ ಒಳಮಗ್ಗುಲಿಗೇ ಚಾಚಿಸಿ ಗೋಡೆಯನ್ನು ಅದರ ಹೊರ ಅಂಚಿನ ಮೇಲೆ ಕೂರಿಸುವುದು. ಎರಡನೆಯದರಲ್ಲಿ ಭಾರ ಒಂದೇ ಅಂಚಿಗೆ ಬೀಳುವುದರಿಂದ ಎಂಟು ಹತ್ತು ಅಡಿಗೊಂದು ಕಂಬ ನಿಲ್ಲಿಸಿ, ನೆಲಮಟ್ಟದಲ್ಲಿ ಒಂದು ಕಾಂಕ್ರೀಟ್ ಪಟ್ಟಿ ಓಡಿಸಬೇಕು. ಮೊದಲನೆಯದರಲ್ಲಿ ಬಿಟ್ಟ ಆರಿಂಚು ನಿಮ್ಮದೇ ಎಂದು ಪಕ್ಕದವರಿಂದ ಒಂದು ಚೀಟಿ ಬರೆಸಿಕೊಳ್ಳಿ, ಮೂಲೆಗಲ್ಲು ಮಾತ್ರ ಹದ್ದಿನಲ್ಲೇ ಇರಲಿ. ಮಿತಿ ಕಾಯ್ದೆಯ ಪ್ರಕಾರ 12 ವರ್ಷ ಯಾರ ತಕರಾರೂ ಇಲ್ಲದೆ ಪ್ರತಿಕೂಲ ಸ್ವಾಧೀನದಲ್ಲಿದ್ದ, ಅಂದರೆ ಒಡೆಯರಲ್ಲದವರು ತಮ್ಮದೆಂದೇ ಇಟ್ಟುಕೊಂಡ, ಜಾಗಕ್ಕೆ ಹಕ್ಕು ಕೇಳುವವರಿದ್ದಾರೆ. ಆರಿಂಚಿನಲ್ಲಿ ಕರಿಬೇವಿನ ಗಿಡ ನೆಟ್ಟು ನೀರೆರೆದವರೂ ಆ ಪಟ್ಟಿಯಲ್ಲಿ ಇರಬಹುದು.

‘ನಡುವೆ ಒಂದೇ ಗೋಡೆ ಸಾಕು, ಅರ್ಧರ್ಧ ಹಾಕೋಣ’ ಎಂಬ ಸಲಹೆಯೂ ಬರುತ್ತದೆ. ಕೇಳಲು ಅಮೃತ. ಗೋಡೆಯ ಮಧ್ಯರೇಖೆ ಹದ್ದಿನ ಮೇಲೆ, ಖರ್ಚು ಸಮಪಾಲು, ಯಾರೊಬ್ಬರೇ ಎತ್ತರಿಸುವಂತಿಲ್ಲ, ಯಾರೂ ಅದರ ಮೇಲೆ ತೊಲೆ ಇಡುವಂತಿಲ್ಲ ಎಂದು ಕಾಗದದಲ್ಲಿ ಬರೆದರೆ ಮಾತ್ರ. ಇಲ್ಲದಿದ್ದರೆ ಮೊದಲು ಒಂದು ಬಟ್ಟೆ ಹಗ್ಗ, ಆಮೇಲೆ ಒಂದು ಶೀಟು, ಆಮೇಲೆ ಶೀಟಿನಡಿ ಒಂದು ಬಾಡಿಗೆ ಸಂಸಾರ.

ಈಗ ಎತ್ತರ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಲೆಕ್ಕ ಹೀಗಿದೆ: ಕಾಂಪೌಂಡ್ 1.5 ಮೀಟರ್ ಮೀರಬಾರದು, ಅಂದರೆ ಐದಡಿಗೆ ಒಂದಿಂಚು ಕಮ್ಮಿ. ಅಳೆಯುವುದು ನಿಮ್ಮ ಅಂಗಳದಿಂದಲ್ಲ, ಎದುರಿನ ರಸ್ತೆಯ ನಡುಗೆರೆಯಿಂದ. 2.4 ಮೀಟರ್ ತನಕ ಹೋಗಬೇಕೆಂದರೆ ಮೇಲಿನ 0.9 ಮೀಟರ್ ಗ್ರಿಲ್ಲಿನಂತೆ ಆಚೆ ಕಾಣುವ ಕೆಲಸವಾಗಿರಬೇಕು, ಅದರ ವಿನ್ಯಾಸಕ್ಕೂ ಒಪ್ಪಿಗೆ ಬೇಕು. ನಿಮ್ಮೂರಿನ ಬೈಲಾದಲ್ಲಿ ಒಂದೆರಡು ಅಂಕಿ ಆಚೀಚೆ ಇರಬಹುದು, ಕೇಳಿಕೊಳ್ಳಿ. ಈ ಎತ್ತರದ ಮಿತಿ ಜೈಲುಗಳಿಗೆ ಅನ್ವಯಿಸುವುದಿಲ್ಲ ಎಂದೂ ಅದೇ ಸಂಹಿತೆ ಸ್ಪಷ್ಟವಾಗಿ ಹೇಳಿದೆ. ಹತ್ತಡಿ ಗೋಡೆ ಎತ್ತಿ ಮೇಲೆ ಗಾಜಿನ ಚೂರು ಚುಚ್ಚುವ ಮನೆ ಯಜಮಾನರು ಯಾವ ವಿನಾಯಿತಿ ಕೇಳಿಕೊಂಡು ಹೋಗಬೇಕು ಎಂಬುದು ಇದರಿಂದ ತಿಳಿಯುತ್ತದೆ.

ಕಾರ್ನರ್ ಸೈಟಿನವರ ಪಾಡು ಇನ್ನೂ ಚೆಂದ. ಎರಡು ಕಡೆ ರಸ್ತೆ, ಗಾಳಿ-ಬೆಳಕು ಎಂದು ಹರಾಜಿನಲ್ಲಿ ಪೈಪೋಟಿಗೆ ಬಿದ್ದು ದುಡ್ಡು ಸುರಿದಿರುತ್ತಾರೆ. ಸಂಹಿತೆ ಹೇಳುವುದು: ರಸ್ತೆಗಳು ಕೂಡುವ ಮೂಲೆಯಿಂದ ಎರಡೂ ಕಡೆ 10 ಮೀಟರ್ ಉದ್ದಕ್ಕೆ ಗಟ್ಟಿ ಗೋಡೆ 0.75 ಮೀಟರ್ ಮಾತ್ರ, ಅದರ ಮೇಲೆ ಬೇಕಾದರೆ ಇನ್ನು 0.75 ಮೀಟರ್ ಕಂಬಿ. ತಿರುವಿನಲ್ಲಿ ಬರುವ ಗಾಡಿ ಕಾಣಲಿ ಎಂದು. ನ್ಯಾಯವೇ. ಆದರೆ ಸೈಟಿನ ಒಂದು ಬದಿ ಇರುವುದೇ 9 ಮೀಟರ್! ಅಲ್ಲಿಗೆ ಆ ಬದಿ ಪೂರ್ತಿ ಎರಡೂವರೆ ಅಡಿ. ಇನ್ನೊಂದು ಬದಿಯಲ್ಲಿ ಕೊನೆಯ ಎರಡು ಮೀಟರಿಗೆ ಮಾತ್ರ ಪೂರ್ತಿ ಗೋಡೆಯ ಭಾಗ್ಯ. ಹೆಚ್ಚು ದುಡ್ಡು ಕೊಟ್ಟವರಿಗೆ ಕಡಿಮೆ ಗೋಡೆ. ವಾಸ್ತು ಹೇಳುವವರು ಆ ಹೊತ್ತಿಗೆ ಬಂದು ‘ನೈರುತ್ಯ ಎತ್ತರ ಇರಲೇಬೇಕು’ ಎಂದರೆ, ಮತ್ತು ಆ ಮೂಲೆಯೇ ತಿರುವಿನದಾಗಿದ್ದರೆ, ಅವರನ್ನೂ ಇಂಜಿನಿಯರನ್ನೂ ಎದುರುಬದುರು ಕೂರಿಸಿ ಕಾಫಿ ಕೊಟ್ಟು ಎದ್ದು ಹೋಗುವುದು ಕ್ಷೇಮ.

ಅನುಮತಿಯ ಮಾತು. ‘ಕಾಂಪೌಂಡಿಗೆಲ್ಲ ಯಾರು ಸಾರ್ ಲೈಸೆನ್ಸ್ ತಗೋತಾರೆ’ ಎನ್ನುವುದು ಮೇಸ್ತ್ರಿಗಳ ರಾಷ್ಟ್ರಗೀತೆ. ಬೆಂಗಳೂರಿನಾಚೆಯ ನಗರಪಾಲಿಕೆಗಳಿಗಿರುವ 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯಲ್ಲಿ ‘ಕಟ್ಟಡ’ ಎಂಬ ಪದದೊಳಗೆ ಗೋಡೆಯೂ ಸೇರಿದೆ. ಮನೆಯ ನಕ್ಷೆ ಮಂಜೂರು ಮಾಡಿಸುವಾಗಲೇ ಕಾಂಪೌಂಡಿನ ಗೆರೆ, ಎತ್ತರ, ಗೇಟಿನ ಜಾಗ ಅದರಲ್ಲಿ ಬರೆಸಿಬಿಟ್ಟರೆ ಒಂದೇ ಓಡಾಟದಲ್ಲಿ ಮುಗಿಯುತ್ತದೆ. ಖಾಲಿ ಸೈಟಿಗೆ ಬರೀ ಬೇಲಿ ಬೇಕೆಂದರೆ ಕ್ರಯಪತ್ರ, ಖಾತೆ, ಕಟ್ಟಿದ ತೆರಿಗೆಯ ರಸೀದಿ, ಅಳತೆ ನಕ್ಷೆ ಜೋಡಿಸಿ ಮೊದಲೇ ಕೇಳಿ. ಹಳ್ಳಿಯಲ್ಲಾದರೆ ಪಂಚಾಯಿತಿ, ಜತೆಗೆ ಇ-ಸ್ವತ್ತಿನ ನಮೂನೆ. ಅರ್ಜಿ ಕೊಟ್ಟಾಗ ಸ್ವೀಕೃತಿ ಬಿಡದೆ ತೆಗೆದುಕೊಳ್ಳಿ. ಸ್ವೀಕೃತಿ ಇಲ್ಲದ ಅರ್ಜಿಗೆ ಪುನರ್ಜನ್ಮ ಮಾತ್ರ ಗತಿ.

ಹಿಂದೆ ರಾಜಕಾಲುವೆ ಹರಿಯುತ್ತಿದ್ದರೆ ಬೇಲಿ ಮಾತು ಬಿಟ್ಟು ಮೊದಲು ನಕ್ಷೆ ನೋಡಿ. ಬೆಂಗಳೂರಿನ 2015ರ ಮಾಸ್ಟರ್ ಪ್ಲ್ಯಾನ್ ಕಾಲುವೆಯ ದರ್ಜೆಗೆ ತಕ್ಕಂತೆ 50, 25, 15 ಮೀಟರ್ ಜಾಗ ಬಿಡಲು ಹೇಳಿತ್ತು, ಆಮೇಲೆ ಇದರ ಮೇಲೆ ಕೋರ್ಟು ಕಚೇರಿ ಎಲ್ಲ ನಡೆದಿದೆ. ನಿಮಗೆ ಸೈಟು ತೋರಿಸಿದವರು ಅದನ್ನು ‘ಸಣ್ಣ ಮೋರಿ’ ಎಂದಿರುತ್ತಾರೆ. ಹದ್ದಿನ ಮೇಲೆ ಮರವಿದ್ದರೆ ಅದಕ್ಕೂ 1976ರದ್ದೇ ಒಂದು ಕಾಯ್ದೆ. ಕೆಲವು ಜಾತಿಯ ಮರ ಬಿಟ್ಟರೆ ವೃಕ್ಷ ಅಧಿಕಾರಿಯ ಅನುಮತಿಯಿಲ್ಲದೆ ಕೊಡಲಿ ಎತ್ತುವ ಹಾಗಿಲ್ಲ. ಬುಡದಿಂದ ಒಂದೆರಡು ಅಡಿ ಬಿಟ್ಟು ಗೋಡೆಯನ್ನೇ ಸುತ್ತಿಸುವುದು ಅಗ್ಗ. ಮರಕ್ಕೆ ಒತ್ತಿ ಕಟ್ಟಿದರೆ ಬೇರು ಗೋಡೆಯನ್ನು ನಿಧಾನವಾಗಿ ಎತ್ತುತ್ತದೆ, ಅನುಮತಿ ಕೇಳದೆ.

ಸಾಮಾನಿನ ಲೆಕ್ಕ ಬೇಕೆನ್ನುವವರಿಗೆ: ಮೂವತ್ತು-ನಲವತ್ತರ ಸುತ್ತಳತೆ 140 ಅಡಿ. ಗೇಟಿಗೆ 12 ಅಡಿ ಕಳೆದರೆ 128. ಐದಡಿ ಎತ್ತರಕ್ಕೆ 640 ಚದರಡಿ. ಹದಿನಾರು-ಎಂಟು ಇಂಚಿನ ಮುಖದ ಬ್ಲಾಕು, ಗಾರೆ ಸೇರಿಸಿ, ಸುಮಾರು 720. ಒಡೆಯುವುದಕ್ಕೆಂದು ಇನ್ನೊಂದು ಮೂವತ್ತು-ನಲವತ್ತು ತರಿಸಿ. ಕಲ್ಲುಕಂಬದ ತಂತಿಬೇಲಿಯಾದರೆ ಎಂಟಡಿಗೊಂದರಂತೆ ಹದಿನೆಂಟು ಕಂಬ. ಏಳಡಿ ಕಂಬದಲ್ಲಿ ಎರಡಡಿ ಮಣ್ಣೊಳಗೆ ಹೋಗಬೇಕು. ಮೂಲೆ ಕಂಬಗಳಿಗೆ ಎರಡೂ ದಿಕ್ಕಿನಿಂದ ಓರೆ ಊರುಗಂಬ ಕೊಡದಿದ್ದರೆ ತಂತಿ ಬಿಗಿದ ದಿನವೇ ಅವು ಒಳಕ್ಕೆ ಬಾಗಿ ಪರಸ್ಪರ ಕುಶಲ ವಿಚಾರಿಸುತ್ತವೆ. ಹಳ್ಳದ ಗುರುತು ಹಾಕುವ ಮೊದಲು ನೀರಿನ ಪೈಪು, ಚೇಂಬರು, ಕೇಬಲು ಎಲ್ಲಿ ಹೋಗಿದೆ ಎಂದು ಬೀದಿಯ ಹಳಬರನ್ನು ಕೇಳಿ. ಹಾರೆ ಇದನ್ನು ಕೇಳುವುದಿಲ್ಲ, ನೇರವಾಗಿ ಉತ್ತರ ಹುಡುಕುತ್ತದೆ.

ಬ್ಲಾಕ್ ಗೋಡೆ ಬೀಳುವ ಮುಖ್ಯ ಕಾರಣ ಮಣ್ಣು. ಗೋಡೆ ಕಟ್ಟಿದ ಮೇಲೆ ಸೈಟು ತಗ್ಗಾಯಿತೆಂದು ಒಳಗೆ ಎರಡಡಿ ಮಣ್ಣು ತುಂಬಿಸುತ್ತಾರೆ. ಆರಿಂಚಿನ ಬ್ಲಾಕ್ ಗೋಡೆ ತನ್ನ ಭಾರ ಹೊರಲು ಹುಟ್ಟಿದ್ದು, ಒದ್ದೆ ಮಣ್ಣಿನ ನೂಕು ತಡೆಯಲು ಅಲ್ಲ. ತುಂಬುವ ಮಟ್ಟದ ತನಕ ಸೈಜುಗಲ್ಲಿನ ಗೋಡೆಯೇ ಬರಲಿ, ಐದಾರು ಅಡಿಗೊಂದು ನೀರು ಹೋಗುವ ತೂತು ಇರಲಿ. ಆ ತೂತಿನ ಮುಖ ಪಕ್ಕದವರ ತುಳಸಿಕಟ್ಟೆಯ ಕಡೆಗಿರದಂತೆ ನೋಡಿಕೊಳ್ಳಿ.

ಗೇಟು ಒಳಕ್ಕೇ ತೆರೆಯಬೇಕು. ರಸ್ತೆಗೆ ತೆರೆದರೆ ರಸ್ತೆಯ ಅತಿಕ್ರಮಣ. ಆರಡಿಯ ಎರಡು ರೆಕ್ಕೆ ಒಳಕ್ಕೆ ತಿರುಗಲು ಆರಡಿ ಜಾಗ ಬೇಕು, ಅಲ್ಲಿ ಕಾರಿನ ಮೂತಿ ಇರುತ್ತದೆ. ಸರಿಸುವ ಗೇಟು ಹಾಕಿಸಿದರೆ ಗೇಟಿನಷ್ಟೇ ಉದ್ದದ ಗೋಡೆ ಪಕ್ಕದಲ್ಲಿ ಖಾಲಿ ಇರಬೇಕು, ಅಲ್ಲಿ ಆಗಲೇ ಕರೆಂಟಿನ ಮೀಟರು ಕೂತಿರುತ್ತದೆ. ಕಾರು ಹತ್ತಿಸುವ ಇಳಿಜಾರೂ ಸೈಟಿನೊಳಗೇ ಇರಬೇಕು. ಮೋರಿಯ ಮೇಲೆ ಕಾಂಕ್ರೀಟ್ ಸುರಿದವರ ಮನೆ ಮುಂದೆ ಮೋರಿ ಕಟ್ಟಿಕೊಂಡ ದಿನ ಇಡೀ ಬೀದಿ ಸಭೆ ಸೇರುತ್ತದೆ.

ಇಷ್ಟೆಲ್ಲ ಆಗಿ ಗೋಡೆ ಸರಿಯಾಗಿ 1.5 ಮೀಟರಿಗೆ ನಿಂತ ಮೇಲೆ ರಸ್ತೆಗೆ ಡಾಂಬರು ಬರುತ್ತದೆ. ಹಳೆಯದನ್ನು ಕೆರೆಯದೆ ಅದರ ಮೇಲೇ ಮೂರಿಂಚು. ಮುಂದಿನ ಚುನಾವಣೆಗೆ ಇನ್ನು ಮೂರು. ನಡುಗೆರೆಯಿಂದ ಅಳೆದರೆ ಗೋಡೆ ಈಗ ಆರಿಂಚು ಕುಳ್ಳ. ಒಂದು ವರಸೆ ಏರಿಸಲು ಮೇಸ್ತ್ರಿಯನ್ನು ಕರೆಯುತ್ತೀರಿ. ಬ್ಲಾಕಿನ ಎತ್ತರ ಎಂಟಿಂಚು. ಮಿಗುವ ಎರಡಿಂಚಿಗೆ ಏನು ಮಾಡುವುದೆಂದು ಅವನನ್ನು ಕೇಳಿದರೆ, ‘ಬಿಡಿ ಸಾರ್, ಇನ್ನೊಂದು ಸಲ ಡಾಂಬರು ಬಂದಾಗ ಸರಿಹೋಗುತ್ತೆ’ ಎನ್ನುತ್ತಾನೆ.