ಕರೆಂಟಿಗೂ ವಾರದ ರಜೆ

ಶುಕ್ರವಾರದ ಪತ್ರಿಕೆಯ ಒಳಪುಟದಲ್ಲಿ, ಶ್ರದ್ಧಾಂಜಲಿಗಳ ಪಕ್ಕಕ್ಕೆ, ನಾಲ್ಕು ಸಾಲಿನ ಪ್ರಕಟಣೆ ಬಂತೆಂದರೆ ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ವಾರಾಂತ್ಯ ಶುರುವಾಯಿತೆಂದೇ ಲೆಕ್ಕ. ‘ತುರ್ತು ನಿರ್ವಹಣಾ ಕಾಮಗಾರಿ ಹಮ್ಮಿಕೊಂಡಿರುವುದರಿಂದ ಶನಿವಾರ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ಪೂರೈಕೆಯಲ್ಲಿ ವ್ಯತ್ಯಯವಾಗಲಿದೆ. ಗ್ರಾಹಕರು ಸಹಕರಿಸಬೇಕು.’

ಇದನ್ನು ಓದುವುದಕ್ಕೂ ಒಂದು ಕ್ರಮವಿದೆ. ‘ತುರ್ತು’ ಅಂದರೆ ಮೂರು ದಿನ ಮೊದಲೇ ಗೊತ್ತಿದ್ದದ್ದು. ‘ವ್ಯತ್ಯಯ’ ಅಂದರೆ ಇಲ್ಲ. ‘10ರಿಂದ’ ಅಂದರೆ ಒಂಬತ್ತೂ ಇಪ್ಪತ್ತರಿಂದ, ಯಾಕೆಂದರೆ ದೋಸೆ ಹಿಟ್ಟು ರುಬ್ಬಲು ಕೂತವರನ್ನು ಅರ್ಧದಲ್ಲಿ ಹಿಡಿಯಬೇಕಲ್ಲ. ‘5ರವರೆಗೆ’ ಎನ್ನುವುದು ಬರೀ ಪ್ರಾಸಕ್ಕೆ. ಇನ್ನು ‘ಸಹಕರಿಸಬೇಕು’ ಎನ್ನುವುದು ಹೇಗೆ ಎಂದು ಈವರೆಗೆ ಯಾರೂ ವಿವರಿಸಿಲ್ಲ. ಸಹಕರಿಸುವವನೂ ಕತ್ತಲಲ್ಲಿ ಕೂರುತ್ತಾನೆ, ಸಹಕರಿಸುವುದಿಲ್ಲ ಎಂದು ಹಟ ಹಿಡಿದವನೂ ಅದೇ ಕತ್ತಲಲ್ಲಿ ಕೂರುತ್ತಾನೆ.

ಇಷ್ಟಕ್ಕೂ ಇದು ಯಾವ ಜಿಲ್ಲೆ ಅಂತೀರಿ? ಕಾಳಿ ನದಿಯೊಂದನ್ನೇ ಹಿಡಿದು ಸೂಪಾದಲ್ಲಿ 100, ನಾಗಝರಿಯಲ್ಲಿ ಹತ್ತಿರಹತ್ತಿರ 900, ಕೊಡಸಳ್ಳಿಯಲ್ಲಿ 120, ಕದ್ರಾದಲ್ಲಿ 150 ಮೆಗಾವ್ಯಾಟ್ ಹಿಂಡುವ ಜಿಲ್ಲೆ. ಅತ್ತ ಶರಾವತಿಯ ಗೇರುಸೊಪ್ಪದಲ್ಲಿ 240. ಸಾಲದ್ದಕ್ಕೆ ಕೈಗಾದಲ್ಲಿ 220ರ ನಾಲ್ಕು ಅಣು ಘಟಕ. ಕೈಗಾದ ಒಂದನೇ ಘಟಕ 2016ರ ಮೇ 13ರಂದು ಶುರು ಮಾಡಿದ್ದು, 2018ರ ಡಿಸೆಂಬರ್ 31ರವರೆಗೆ 962 ದಿನ ಒಮ್ಮೆಯೂ ನಿಲ್ಲಲಿಲ್ಲ. ಆಗ ಅದು ವಿಶ್ವದಾಖಲೆ. ಅದೇ ಜಿಲ್ಲೆಯ ನಮ್ಮ ಹಳ್ಳಿ ಫೀಡರು (ಸಬ್‌ಸ್ಟೇಷನ್ನಿನಿಂದ ಊರಿಗೆ ಬರುವ ಲೈನು) ಶನಿವಾರದಿಂದ ಭಾನುವಾರಕ್ಕೆ ದಾಟಿದರೆ ಮನೆಯಲ್ಲಿ ಪಾಯಸ ಮಾಡಬಹುದು. ಕಾಯಿ ರುಬ್ಬಲು ಕರೆಂಟಿದ್ದರೆ.

ಕಾರಣ ಗುಟ್ಟಿನದೇನಲ್ಲ. ಕೈಗಾದಿಂದ ಧಾರವಾಡದ ಹತ್ತಿರದ ನರೇಂದ್ರಕ್ಕೂ ಹರಿಹರದ ಹತ್ತಿರದ ಗುತ್ತೂರಿಗೂ ಹೋಗುವ 400 ಕೆವಿ (ಕಿಲೋವೋಲ್ಟ್) ಲೈನಿಗೆ ಗುಡ್ಡದ ಮೇಲೆ ಗೋಪುರ, ಕೆಳಗೆ ಸುಮಾರು 50 ಮೀಟರ್ ಅಗಲಕ್ಕೆ ಕಾಡು ಬೋಳಿಸಿದ ದಾರಿ. ಅದರ ಮೇಲೆ ಬೀಳಬೇಕೆಂದರೆ ಮರ ಹಾರಿಕೊಂಡೇ ಬರಬೇಕು. ನಮಗೆ ಬರುವ 11 ಕೆವಿ ಲೈನಿಗೆ ಕಾಡಿನಲ್ಲಿ ಸಿಗುವ ಜಾಗ ಏಳು ಮೀಟರ್. ಆ ಏಳರಲ್ಲೂ ಒಂದು ಕಡೆ ಅಕೇಶಿಯಾ, ಇನ್ನೊಂದು ಕಡೆ ಯಾರದೋ ಸೊಪ್ಪಿನ ಬೆಟ್ಟದ ಮತ್ತಿ ಮರ. ಅಕೇಶಿಯಾದ ಟೊಂಗೆ ಮಹಾ ಸೂಕ್ಷ್ಮ, ಗಾಳಿ ಬರುತ್ತದೆ ಎಂಬ ಸುದ್ದಿ ಕೇಳಿದರೇ ಮುರಿಯುತ್ತದೆ. ಕಡಿಯೋಣವೆಂದರೆ ಮರ ಅರಣ್ಯ ಇಲಾಖೆಯದ್ದು, ತಂತಿ ಕಂಪನಿಯದ್ದು, ಅನುಮತಿಯ ಕಾಗದ ಇಬ್ಬರ ನಡುವೆ ಎಲ್ಲೋ ಇದೆ. ಹಾಗಾಗಿ ಬೆಳಕು ನಮ್ಮ ತಲೆಯ ಮೇಲೇ ಹಾದು ಹೋಗುತ್ತದೆ, ಮನೆಗೆ ಬರುವುದಿಲ್ಲ. ನೀರು ಹಾಗಲ್ಲ, ಅದಕ್ಕೆ ಮರದ ಕಾಟವಿಲ್ಲ. 2019ರ ಆಗಸ್ಟಿನಲ್ಲಿ ಕದ್ರಾದ ಗೇಟು ತೆಗೆದಾಗ ಕೆಳಗಿನ ಊರುಗಳವರ ಅಡಿಗೆಮನೆಗೇ ಬಂದಿತ್ತು.

ಸರಿ, ಕತ್ತಲೆ ಖಾತ್ರಿಯಾದ ಮೇಲೆ ತಯಾರಿ. ಮೊದಲನೆಯದು ರುಬ್ಬುವುದು. ಉದ್ದಿನ ದೋಸೆಯಾದರೆ ಮೂರು ಪಾಲು ಅಕ್ಕಿಗೆ ಒಂದು ಪಾಲು ಉದ್ದು, ಚಿಟಿಕೆ ಮೆಂತ್ಯ, ಶುಕ್ರವಾರ ರಾತ್ರಿಯೇ ರುಬ್ಬಿಟ್ಟರೆ ಶನಿವಾರದ ಬೆಳಿಗ್ಗೆ ಪಾರು. ಅದೇ ಹಿಟ್ಟನ್ನು ಭಾನುವಾರಕ್ಕೂ ಇಡುತ್ತೇನೆ ಅನ್ನುವವರು ಫ್ರಿಜ್ಜಿನ ಮೇಲೆ ನಂಬಿಕೆ ಇಟ್ಟವರು, ಅವರಿಗೆ ಹುಳಿ ಹಿಟ್ಟೇ ಗತಿ. ತೆಳ್ಳೇವು ಎಂಬ ತೆಳು ದೋಸೆಯ ಮನೆಯವರಿಗೆ ಈ ಉಪಾಯವೂ ಇಲ್ಲ. ಮೊಗೆಕಾಯಿ ಹಾಕಿ ರುಬ್ಬಿದ ಹಿಟ್ಟು ಆಗಲೇ ಕಾವಲಿಗೆ ಬೀಳಬೇಕು. ಅದಕ್ಕೇ ಶನಿವಾರ ಒಂಬತ್ತರ ಹೊತ್ತಿಗೆ ಊರಿನ ಅಷ್ಟೂ ಮಿಕ್ಸಿಗಳು ಒಟ್ಟಿಗೇ ಕೂಗುತ್ತವೆ. ಒಂಬತ್ತೂ ಇಪ್ಪತ್ತಕ್ಕೆ ಒಟ್ಟಿಗೇ ನಿಲ್ಲುತ್ತವೆ. ಆಗ ಮಾಡಬೇಕಾದ ಕೆಲಸ ಒಂದೇ: ಮಿಕ್ಸಿಯ ಗುಂಡಿಯನ್ನು ಸೊನ್ನೆಗೆ ತಿರುಗಿಸುವುದು. ಯಾರೂ ತಿರುಗಿಸುವುದಿಲ್ಲ. ಎಲ್ಲರೂ ಅಂಗಳಕ್ಕೆ ಬಂದು ಎದುರುಮನೆ ಕಡೆ ನೋಡುತ್ತಾರೆ.

‘ಹೋಯ್, ನಿಂಗ್ಳಲ್ಲಿ ಕರೆಂಟಿದ್ದಾ?’

‘ಇಲ್ಲೆ ಮಾರಾಯಾ.’

ಈ ‘ಇಲ್ಲೆ’ ಕೇಳಿದಾಗ ಆಗುವ ಸಮಾಧಾನಕ್ಕೆ ಇನ್‌ವರ್ಟರೂ ಸಮನಲ್ಲ. ಅಪ್ಪಿತಪ್ಪಿ ‘ಇದ್ದಲಾ!’ ಅಂದುಬಿಟ್ಟರೆ ದಿನವಿಡೀ ಹಾಳು. ಟ್ರಾನ್ಸ್‌ಫಾರ್ಮರಿನಿಂದ ಮೂರು ಫೇಸು ಹೊರಡುತ್ತದೆ, ಮನೆಗಳನ್ನು ಮೂರಕ್ಕೂ ಹಂಚಿರುತ್ತಾರೆ. ಒಂದರ ಫ್ಯೂಸು ಹೋದರೆ ಊರಿನ ಮೂರನೇ ಒಂದು ಪಾಲಷ್ಟೇ ಕತ್ತಲು. ಇದು ತಂತ್ರಜ್ಞಾನ. ‘ಅವರ ಮನೆಗೆ ಮಾತ್ರ ಹೇಗೆ ಇದೆ?’ ಎನ್ನುವುದು ಊರು.

ಅರ್ಧ ರುಬ್ಬಿದ ಹಿಟ್ಟಿಗೆ ಒರಳು ಇದೆಯಲ್ಲ ಅನ್ನಬಹುದು. ಇದೆ. ಅಂಗಳದ ಮೂಲೆಯಲ್ಲಿ, ಅದರ ಗುಂಡಿಯಲ್ಲಿ ಡೇರೆ ಹೂವಿನ ಗಡ್ಡೆ ನೆಟ್ಟಿದ್ದಾರೆ. ಮಧ್ಯಾಹ್ನಕ್ಕೆ ಇರುವ ದಾರಿ ಅಪ್ಪೆಹುಳಿಯೊಂದೇ. ಹುಳಿ ಮಾವಿನಕಾಯಿ ಬೇಯಿಸಿ, ಕೈಯಲ್ಲೇ ಹಿಚುಕಿ, ನೀರು, ಉಪ್ಪು, ಮೇಲಿನಿಂದ ತೆಂಗಿನೆಣ್ಣೆಯಲ್ಲಿ ಸಾಸಿವೆ, ಇಂಗು, ಒಣಮೆಣಸಿನ ಒಗ್ಗರಣೆ. ಒಂದು ಯೂನಿಟ್ಟೂ ಬೇಡ. ಈ ಪದಾರ್ಥ ಕಂಡುಹಿಡಿದ ಹಿರಿಯರಿಗೆ ನಮ್ಮ ಫೀಡರಿನ ಭವಿಷ್ಯ ಮೊದಲೇ ಕಂಡಿರಬೇಕು. ಕುಡಿದ ಮೇಲೆ ಬರುವ ನಿದ್ದೆಗೆ ಫ್ಯಾನೂ ಬೇಡ.

ಫ್ಯಾನು ಬೇಕೇ ಬೇಕು ಅನ್ನುವವರು ಇನ್‌ವರ್ಟರ್ ಇಟ್ಟಿದ್ದಾರೆ. ಅಂಗಡಿಯವನು ‘ಆರಾಮಾಗಿ ಎಂಟು ತಾಸು’ ಅಂದಿರುತ್ತಾನೆ. ಅವನ ಎಂಟು ತಾಸಿನ ಲೆಕ್ಕ ಹೀಗೆ. 150 ಎಎಚ್ (ಆಂಪಿಯರ್‌ಅವರ್) ಬ್ಯಾಟರಿ, 12 ವೋಲ್ಟ್, ಗುಣಿಸಿದರೆ 1800 ವ್ಯಾಟ್‌ಅವರ್. ಅದು ಕಾಗದದ ಮೇಲೆ. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡುವಂತಿಲ್ಲ, ಶೇಕಡಾ 80 ತೆಗೆದರೆ 1440. ಇನ್‌ವರ್ಟರು ತಾನೇ ಐದರಲ್ಲಿ ಒಂದು ಪಾಲು ನುಂಗುತ್ತದೆ, ಉಳಿದದ್ದು 1150. ಹಳೇ ಫ್ಯಾನು ಒಂದಕ್ಕೆ 75 ವ್ಯಾಟ್, ನಾಲ್ಕಕ್ಕೆ 300. ಆರು ಎಲ್‌ಇಡಿ ಬಲ್ಬಿಗೆ 54. ಬೆಂಗಳೂರಿನಿಂದ ಬಂದ ಮಗನ ರೌಟರಿಗೆ 10. ಒಟ್ಟು 364. ಭಾಗಿಸಿ ನೋಡಿ, ಮೂರು ತಾಸು ಚಿಲ್ಲರೆ. ಅಂದರೆ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಸರಿಯಾಗಿ ಪೀಂ ಪೀಂ. ಫ್ಯಾನುಗಳನ್ನು 30 ವ್ಯಾಟಿನ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನಿಗೆ ಬದಲಿಸಿದರೆ ಅದೇ ಬ್ಯಾಟರಿ ಆರು ತಾಸು ದಾಟುತ್ತದೆ, ಆದರೆ ಅದನ್ನು ಹೇಳಿದರೆ ಎರಡನೇ ಬ್ಯಾಟರಿ ಮಾರುವುದು ಹೇಗೆ?

ಎರಡು ವರ್ಷ ಕಳೆದರೆ ಈ ಮೂರು ತಾಸೂ ಒಂದೂವರೆ ಆಗುತ್ತದೆ. ಬರಿದಾದ ಬ್ಯಾಟರಿ ತುಂಬಲು ಹತ್ತು ಹನ್ನೆರಡು ತಾಸು ಬೇಕು. ನಮ್ಮಲ್ಲಿ ಕರೆಂಟು ಆರಕ್ಕೆ ಬಂದು ಎಂಟಕ್ಕೆ ಹೋಗುತ್ತದೆ. ಅರೆಹೊಟ್ಟೆಯಲ್ಲೇ ಮತ್ತೆ ದುಡಿಸಿದರೆ ಪ್ಲೇಟಿನ ಮೇಲೆ ಸಲ್ಫೇಟು ಗಟ್ಟಿಕಟ್ಟಿ ಬ್ಯಾಟರಿ ಬಡವಾಗುತ್ತದೆ. ಅದರ ಮೇಲೆ ಡಿಸ್ಟಿಲ್ಡ್ ವಾಟರ್ ತರಲು ಪೇಟೆಗೆ ಹೋಗಬೇಕಲ್ಲ ಎಂದು ‘ನಮ್ಮ ಬಾವಿ ನೀರು ಅಮೃತ’ ಅಂತ ಹೊಯ್ಯುವವರಿದ್ದಾರೆ. ಮನುಷ್ಯರಿಗೆ ಅಮೃತ, ಹೌದು. ಅದರಲ್ಲಿರುವ ಕಬ್ಬಿಣ, ಲವಣ ಬ್ಯಾಟರಿಯ ಪ್ಲೇಟಿಗೆ ವಿಷ. ಇನ್ನು, ಅರ್ಧ ರುಬ್ಬಿದ ಹಿಟ್ಟಿನ ಸಂಕಟ ನೋಡಲಾರದೆ 750 ವ್ಯಾಟಿನ ಮಿಕ್ಸಿಯನ್ನು ಇನ್‌ವರ್ಟರಿನ ಪ್ಲಗ್ಗಿಗೆ ಸಿಕ್ಕಿಸುವವರ ಬಗ್ಗೆ ಏನೂ ಹೇಳುವುದಿಲ್ಲ. ಇನ್‌ವರ್ಟರೇ ಕೂಗಿ ಹೇಳುತ್ತದೆ.

ಈಗ ದೂರು ಕೊಡುವ ವಿಧಾನ. ಕರೆಂಟು ಹೋದರೆ 1912ಕ್ಕೆ ಫೋನ್ ಮಾಡಬೇಕು. ಫೋನಿಗೆ ನೆಟ್‌ವರ್ಕ್ ಬೇಕು. ಟವರಿಗೆ ಕರೆಂಟು ಬೇಕು. ಟವರಿನ ಬುಡದ ಬ್ಯಾಟರಿ ಕೆಲವು ತಾಸು ಎಳೆದು ಕಣ್ಣು ಮುಚ್ಚುತ್ತದೆ, ಪಕ್ಕದ ಜನರೇಟರಿನಲ್ಲಿ ಡೀಸೆಲ್ ಇರುವುದು ಕಡತದಲ್ಲಿ ಮಾತ್ರ. ಅಲ್ಲಿಗೆ, ಕರೆಂಟಿಲ್ಲ ಎಂದು ತಿಳಿಸಲು ಕರೆಂಟು ಬೇಕು ಎಂದಾಯಿತು. ಊರಿನ ವಾಟ್ಸ್‌ಆ್ಯಪ್ ಗುಂಪಿನ ಕಥೆ ಇನ್ನೂ ಚೆಂದ. ಮಧ್ಯಾಹ್ನ ಎರಡಕ್ಕೆ ಬರೆದ ‘ಕರೆಂಟ್ ಹೋಗಿದೆ, ಯಾರಾದರೂ ದೂರು ಕೊಟ್ಟಿರಾ?’ ಎಲ್ಲರ ಮೊಬೈಲಿಗೂ ಮುಟ್ಟುವುದು ಕರೆಂಟು ಬಂದ ಮೇಲೆ. ಅದನ್ನು ಓದಿದವರು ‘ನಮ್ಮಲ್ಲಿ ಇದೆಯಲ್ಲ’ ಎಂದು ಉತ್ತರ ಬರೆದು ಮುಗಿಸುವಷ್ಟರಲ್ಲಿ ಮತ್ತೆ ಹೋಗಿರುತ್ತದೆ.

ದೂರು ಮುಟ್ಟಿತು ಅಂದುಕೊಳ್ಳೋಣ. ಬರುವವನು ಒಬ್ಬನೇ. ಮೊದಲು ಅವನಿಗೆ ಲೈನ್‌ಮನ್ ಅನ್ನುತ್ತಿದ್ದರು, ಈಗ ಹುದ್ದೆಯ ಹೆಸರು ಪವರ್‌ಮ್ಯಾನ್. ಒಂದು ಬೈಕು, ಒಂದು ಉದ್ದದ ರಾಡು, ಹತ್ತಾರು ಮೈಲಿ ಕಾಡಿನ ಲೈನು, ಉಂಬಳ. ಅವನ ಕೆಲಸ ಹುಲ್ಲು ಗೊಣಬೆಯಲ್ಲಿ ಸೂಜಿ ಹುಡುಕುವುದಕ್ಕಿಂತ ಸ್ವಲ್ಪ ಕಷ್ಟ. ಲೈನನ್ನು ನಡುವೆ ಎರಡು ತುಂಡು ಮಾಡುವ ಜಿಓಎಸ್ ಎಂಬ ಕಂಬದ ಸ್ವಿಚ್ಚು ತೆಗೆದು, ಸಬ್‌ಸ್ಟೇಷನ್ನಿಗೆ ‘ಚಾರ್ಜ್ ಮಾಡಿ’, ಅಂದರೆ ಕರೆಂಟು ಬಿಡಿ, ಅನ್ನುತ್ತಾನೆ (ಅದಕ್ಕೂ ನೆಟ್‌ವರ್ಕಿರುವ ಗುಡ್ಡ ಹತ್ತಬೇಕು). ಲೈನು ಟ್ರಿಪ್ಪಾಗದೆ ನಿಂತರೆ ದೋಷ ಆಚೆ ಅರ್ಧದಲ್ಲಿ, ಟ್ರಿಪ್ಪಾದರೆ ಈಚೆ ಅರ್ಧದಲ್ಲಿ. ಹೀಗೆ ಅರ್ಧ, ಕಾಲು, ಅರೆಕಾಲು ಮಾಡುತ್ತ ಕಂಬಕ್ಕೆ ತಲುಪಬೇಕು. ಟೊಂಗೆಯೋ ಅಡಕೆ ಸೋಗೆಯೋ ಬಿದ್ದಿದ್ದರೆ ಕಣ್ಣಿಗೆ ಕಾಣುತ್ತದೆ. ಕಾಣದ್ದು ಕಂಬದ ಮೇಲೆ ತಂತಿ ಕೂರಿಸುವ ಪಿಂಗಾಣಿಯ, ಅಂದರೆ ಪಿನ್ ಇನ್ಸುಲೇಟರಿನ, ಕೂದಲೆಳೆಯಷ್ಟು ಬಿರುಕು. ಆ ಪಿಂಗಾಣಿ ಒಣಗಿದ್ದಾಗ ಸಾಧುವಿನಂತೆ ಇರುತ್ತದೆ. ಒಂದು ಹನಿ ಮಳೆ ಬಿದ್ದು ಬಿರುಕಿಗೆ ನೀರಿಳಿದರೆ ಕರೆಂಟು ಅದರೊಳಗಿಂದ ಕಂಬಕ್ಕಿಳಿದು ಫೀಡರೇ ಟ್ರಿಪ್. ಅವನು ಹುಡುಕಿಕೊಂಡು ಬರುವ ಹೊತ್ತಿಗೆ ಬಿಸಿಲು ಬಿದ್ದು ಒಣಗಿರುತ್ತದೆ, ಲೈನು ಟ್ರಿಪ್ಪಾಗದೆ ನಿಲ್ಲುತ್ತದೆ, ‘ಸರಿಯಾಯ್ತು’ ಎಂದು ಬರೆಯುತ್ತಾರೆ. ಶನಿವಾರ ಇಡೀ ದಿನ ನಿರ್ವಹಣೆ ಮಾಡಿದ ಲೈನು ಸಂಜೆಯ ಮೊದಲ ತುಂತುರಿಗೇ ಹೋಗುವುದರ ಒಳಗುಟ್ಟು ಇದು. ನಿರ್ವಹಣೆ ನಡೆಯುವುದು ಬಿಸಿಲಲ್ಲಿ, ಬಿರುಕು ಕೆಲಸ ಮಾಡುವುದು ಮಳೆಯಲ್ಲಿ. ಇಬ್ಬರ ಭೇಟಿಯೇ ಆಗುವುದಿಲ್ಲ.

ಘಟ್ಟದ ಕೆಳಗೆ ಕಾರವಾರದಲ್ಲಿ ಭಾನುವಾರ ಸಂತೆ, ಜೊತೆಗೆ ಮೀನು. ಅಲ್ಲಿಯ ಚಿಂತೆ ಫ್ರಿಜ್ಜಿನದು. ಬಾಗಿಲು ಮುಚ್ಚಿಟ್ಟರೆ ಫ್ರಿಜ್ಜು ನಾಲ್ಕು ತಾಸು ತಂಪು ಹಿಡಿಯುತ್ತದೆ, ಭರ್ತಿ ತುಂಬಿದ ಫ್ರೀಜರು ಎರಡು ದಿನದ ಹತ್ತಿರ. ಶುಕ್ರವಾರವೇ ಎರಡು ಲೀಟರಿನ ಬಾಟಲಿಗೆ ಮುಕ್ಕಾಲು ನೀರು ಹಾಕಿ ಗಡ್ಡೆ ಕಟ್ಟಿಸಿ ಇಟ್ಟರೆ ಇನ್ನೂ ಒಳ್ಳೆಯದು (ಪೂರ್ತಿ ತುಂಬಿದರೆ ಒಡೆಯುತ್ತದೆ). ಆದರೆ ಬಂಗಡೆ ಕೆಟ್ಟಿತೋ ಏನೋ ಎಂದು ಅರ್ಧ ತಾಸಿಗೊಮ್ಮೆ ಬಾಗಿಲು ತೆಗೆದು ಮೂಸಿ ನೋಡುವ ಪದ್ಧತಿ ಮೊದಲಿನಿಂದಲೂ ಇದೆ. ಮೂಸಿ ಮೂಸಿಯೇ ಕೆಡುತ್ತದೆ.

ಕೊನೆಗೂ ಭಾನುವಾರ ಸಂಜೆ ಏಳೂಕಾಲಿಗೆ ಕರೆಂಟು ಬರುತ್ತದೆ. ಎರಡು ದಿನದಿಂದ ಎಲ್ಲರ ಟ್ಯಾಂಕೂ ಖಾಲಿ. ಎಲ್ಲರ ಪಂಪಿಗೂ ಆಟೋ ಸ್ಟಾರ್ಟರ್. ಊರಿನ ಟ್ರಾನ್ಸ್‌ಫಾರ್ಮರ್ 25 ಕೆವಿಎ, ಫೇಸಿಗೆ ಸುಮಾರು 35 ಆಂಪಿಯರ್ ಪಾಲು. ಒಂದು ಎಚ್‌ಪಿ ಪಂಪು ಓಡುವಾಗ ಏಳು ಆಂಪಿಯರ್ ತಿಂದರೂ ಏಳುವ ಕ್ಷಣದಲ್ಲಿ ಅದರ ಐದು ಪಟ್ಟು ಎಳೆಯುತ್ತದೆ. ಅಂದರೆ ಒಂದೇ ಪಂಪಿನ ಮೊದಲ ಉಸಿರಿಗೆ ಇಡೀ ಫೇಸು ಖರ್ಚು. ಐದು ಪಂಪು ಒಂದೇ ಕ್ಷಣಕ್ಕೆ ಎದ್ದರೆ ವೋಲ್ಟೇಜು 230ರಿಂದ 160ಕ್ಕೆ ಕುಸಿಯುತ್ತದೆ. ವೋಲ್ಟೇಜು ಹತ್ತರಲ್ಲಿ ಮೂರು ಪಾಲು ಇಳಿದರೆ ಮೋಟರಿನ ಕಸುವು ಅರ್ಧಕ್ಕಿಳಿಯುತ್ತದೆ, ವೋಲ್ಟೇಜಿನ ವರ್ಗದ (ಸ್ಕ್ವೇರ್) ಲೆಕ್ಕ ಅದು. ಪಂಪು ತಿರುಗುವುದಿಲ್ಲ, ಗುಂಯ್ ಅನ್ನುತ್ತ ಬಿಸಿಯಾಗುತ್ತದೆ. ಹೆಚ್ಚು ಹೊತ್ತು ಗುಂಯ್ ಅಂದರೆ ಸೋಮವಾರ ಬೆಳಿಗ್ಗೆ ಪೇಟೆಗೆ, ರಿವೈಂಡಿಂಗಿಗೆ.

ಇದಕ್ಕೆ ಪರಿಹಾರ ಪುಕ್ಕಟೆ. ಟೈಮರ್ ಇರುವ ಸ್ಟಾರ್ಟರಿನಲ್ಲಿ ಒಂದು ಪುಟ್ಟ ತಿರುಪು ಇರುತ್ತದೆ, ಕರೆಂಟು ಬಂದ ಎಷ್ಟು ಹೊತ್ತಿಗೆ ಪಂಪು ಏಳಬೇಕೆಂದು ಅದರಲ್ಲಿ ಇಟ್ಟುಕೊಳ್ಳಬಹುದು. ಮೊದಲನೇ ಮನೆಯವರು ಒಂದು ನಿಮಿಷ, ಎರಡನೆಯವರು ಎರಡು, ಹೀಗೆ. ಆದರೆ ಐದನೇ ಮನೆ ಯಾರದು ಎಂಬಲ್ಲಿಗೆ ಮಾತು ನಿಂತಿದೆ. ಎಲ್ಲರ ತಿರುಪೂ ಸೊನ್ನೆಯಲ್ಲೇ ಇದೆ. ಕರೆಂಟು ಬಂದ ಕ್ಷಣಕ್ಕೇ ಟ್ರಾನ್ಸ್‌ಫಾರ್ಮರಿನ ಕಡೆಯಿಂದ ಒಂದು ‘ಢಂ’, ಮತ್ತೆ ಅಂಗಳ, ಮತ್ತೆ ‘ಇಲ್ಲೆ ಮಾರಾಯಾ’.

ಪವರ್‌ಮ್ಯಾನ್ ಕಾಡಿನಿಂದ ಇಳಿದು ಬಂದು, ರಾಡು ಎತ್ತಿ ಫ್ಯೂಸು ಕೂರಿಸುವಾಗ ನಡುರಾತ್ರಿ ಒಂದೂ ನಲವತ್ತು. ಆ ಹೊತ್ತಿಗೆ ಊರಲ್ಲಿ ಎಚ್ಚರ ಇರುವುದು ಅವನೊಬ್ಬನೇ. ಕರೆಂಟು ಬಂದದ್ದು ಮಿಕ್ಕವರಿಗೆ ಗೊತ್ತಾಗುವುದು ಅಡಿಗೆಮನೆಯಲ್ಲಿ ಗುಂಡಿ ಎರಡರಲ್ಲೇ ಉಳಿದ ಮಿಕ್ಸಿ ಒಮ್ಮೆಲೇ ಅರಚಿಕೊಂಡಾಗ. ಜಾರಿನ ಮುಚ್ಚಳ ಪಕ್ಕದ ಕಟ್ಟೆಯ ಮೇಲಿದೆ. ಶನಿವಾರದಿಂದ ಹುಳಿ ಬಂದ ಮೊಗೆಕಾಯಿ ಹಿಟ್ಟು ಗೋಡೆ, ಹೆಂಚು, ದೇವರ ಕ್ಯಾಲೆಂಡರು ಎಲ್ಲದರ ಮೇಲೂ ಸಮನಾಗಿ ಹರಡಿದೆ. ಮನೆಯವರು ಬಟ್ಟೆ ಹಿಡಿದುಕೊಂಡು ಬರುವಷ್ಟರಲ್ಲಿ ಮತ್ತೆ ಹೋಯಿತು. ಈ ಸಲವೂ ಗುಂಡಿ ಎರಡರಲ್ಲೇ ಇದೆ.