ಒಣ ಯೀಸ್ಟ್ ಸತ್ತ ಪುಡಿಯಾ? ಸತ್ಯಾಂಶ ಇಲ್ಲಿದೆ

‘ಪ್ಯಾಕೆಟ್‌ನ ಒಣ ಯೀಸ್ಟ್‌ನಲ್ಲಿ ಜೀವವೇ ಇರಲ್ಲ, ಹಿಟ್ಟು ಉಬ್ಬಿಸೋದು ಅದರಲ್ಲಿರೋ ಕೆಮಿಕಲ್’ ಅನ್ನೋ ಮೆಸೇಜ್ ಓಡಾಡುತ್ತಿದೆ. ಇದು ತಪ್ಪು. ಆ ಸಣ್ಣ ಕಾಳುಗಳಲ್ಲಿ ಇರುವುದು ಜೀವಂತ ಕೋಶಗಳೇ. ಒಣಗಿಸುವಾಗ ಒಂದಷ್ಟು ಸಾಯುತ್ತವೆ, ನಿಜ. ಉಳಿದವು ಕೆಲಸ ನಿಲ್ಲಿಸಿ ಕಾಯುತ್ತಿರುತ್ತವೆ.

ಸುಮಾರು 5% ತೇವದಲ್ಲಿ ಬದುಕೋದು ಹೇಗೆ? ಟ್ರೆಹಲೋಸ್ ಅನ್ನೋ ಸಕ್ಕರೆಯಿಂದ. ಎರಡು ಗ್ಲೂಕೋಸ್ ಸೇರಿದರೆ ಒಂದು ಟ್ರೆಹಲೋಸ್. ಬಿಸಿ ಏರಿದಾಗ, ಆಹಾರ ಮುಗಿದಾಗ ಯೀಸ್ಟ್ ಇದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಕೆಲವೊಮ್ಮೆ ಕೋಶದ ಒಣ ತೂಕದ 15%ಗೂ ಜಾಸ್ತಿ ಇದೇ ಇರುತ್ತದೆ! ನೀರು ಹೋದಾಗ ಇದು ಗಾಜಿನಂತೆ ಗಟ್ಟಿಯಾಗಿ ಒಳಗಿನದನ್ನೆಲ್ಲ ಇದ್ದಲ್ಲೇ ಹಿಡಿದಿಡುತ್ತದೆ. ಪ್ರೋಟೀನ್‌ಗಳು ಮುದ್ದೆಯಾಗಲು ಬಿಡುವುದಿಲ್ಲ. ಕೋಶದ ಹೊರಪೊರೆ ಒಡೆಯದಂತೆಯೂ ನೋಡಿಕೊಳ್ಳುತ್ತದೆ. ನೀರು ಸಿಕ್ಕ ಮೇಲೆ ಟ್ರೆಹಲೇಸ್ ಅನ್ನೋ ಕಿಣ್ವ ಅದನ್ನು ಮತ್ತೆ ಗ್ಲೂಕೋಸ್ ಮಾಡುತ್ತದೆ. ಅಂದರೆ ಕಾವಲಿಗಿದ್ದದ್ದೇ ಊಟವೂ ಆಯ್ತು, ಅಲ್ವಾ?

ಹಾಗಾದರೆ ‘ಕೆಮಿಕಲ್’ ಮಾತು ಎಲ್ಲಿಂದ ಬಂತು? ಬಹುಶಃ ಪ್ಯಾಕೆಟ್ ಮೇಲೆ ಕಾಣುವ ಸಾರ್ಬಿಟನ್ ಮೋನೊಸ್ಟಿಯರೇಟ್ ಹೆಸರಿನಿಂದ. ಅದನ್ನು ಚೂರೇ ಚೂರು ಹಾಕಿರುತ್ತಾರೆ, ಒಣಗಿದ ಕೋಶ ನೀರು ಹೀರುವಾಗ ಹಾಳಾಗದಿರಲಿ ಅಂತ. ಅದರಿಂದ ಹಿಟ್ಟು ಉಬ್ಬಲ್ಲ.

ಅನುಮಾನವಿದ್ದರೆ ಉಗುರುಬೆಚ್ಚಗಿನ ನೀರಿಗೆ ಚಿಟಿಕೆ ಸಕ್ಕರೆ, ಯೀಸ್ಟ್ ಹಾಕಿ ನೋಡಿ. ಹತ್ತು ನಿಮಿಷದಲ್ಲಿ ನೊರೆ ಬರುತ್ತದೆ. ಕುದಿಯುವ ನೀರು ಹಾಕಿದರೆ ಮಾತ್ರ ಏನೂ ಬರಲ್ಲ, ಆಗ ಕೋಶಗಳು ನಿಜವಾಗಿಯೂ ಸತ್ತಿರುತ್ತವೆ.