ವಿಷಯಕ್ಕೆ ಬಾ

ಮೊನ್ನೆ ಬಸ್ಸಿಗೆ ಕಾಯುತ್ತಾ ಕೂತಿದ್ದೆ. ಪಕ್ಕದಲ್ಲಿ ಒಬ್ಬ ಹಿರಿಯರು ಮೊಮ್ಮಗಳಿಗೆ ತಮ್ಮ ಮೊದಲ ಸಂಬಳದ ದಿನದ ಕಥೆ ಹೇಳುತ್ತಿದ್ದರು. ಅವತ್ತು ತೊಟ್ಟಿದ್ದ ಅಂಗಿ ಅವರದಲ್ಲವಂತೆ, ಅಣ್ಣನದಂತೆ. ತೋಳು ಉದ್ದ. ಮಡಚಿದರೆ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಮ್ಮಿ. ಬಣ್ಣ ನೀಲಿಯೋ ಬೂದಿಯೋ ಎಂದು ನೆನಪು ಮಾಡಿಕೊಳ್ಳಲು ತುಸು ತಡೆದರು. ಅಷ್ಟರಲ್ಲಿ ಹುಡುಗಿ, "ತಾತ, ವಿಷಯಕ್ಕೆ ಬಾ" ಎಂದಳು. ತಾತ ಪಾಪ, ಬಂದರು. ಸಂಬಳ ಬಂತು, ಮನೆಗೆ ಕೊಟ್ಟೆ ಎಂದರು. ಕಥೆ ಮುಗಿಯಿತು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಂಬಳ ಎಲ್ಲರಿಗೂ ಬರುತ್ತದೆ. ಅಣ್ಣನ ಅಂಗಿಯೇ ವಿಷಯ, ಅಲ್ವಾ? ಬಾಯಿಬಿಟ್ಟು ಕೇಳೋಣವೆಂದರೆ, ಕದ್ದು ಕೇಳುತ್ತಿದ್ದವರಿಗೆ ಪ್ರಶ್ನೆ ಕೇಳುವ ಹಕ್ಕಿಲ್ಲವಲ್ಲ.

ಈ "ವಿಷಯಕ್ಕೆ ಬಾ" ಎನ್ನುವವರು ಇವತ್ತಿನವರಲ್ಲ. ಲಂಡನ್ನಿನಲ್ಲಿ ಸ್ಯಾಮ್ಯುಯೆಲ್ ಪೀಪ್ಸ್ ಎಂಬ ನೌಕಾ ಇಲಾಖೆಯ ಅಧಿಕಾರಿ ಇದ್ದ. 1660ರ ಜನವರಿ 1ರಂದು ದಿನಚರಿ ಬರೆಯಲು ಶುರು ಮಾಡಿದ. ಏನು ತಿಂದೆ, ಯಾರ ಮೇಲೆ ರೇಗಿದೆ, ಹೆಂಡತಿಯ ಜೊತೆ ಯಾಕೆ ಜಗಳವಾಯಿತು, ಎಲ್ಲವನ್ನೂ ಬರೆದ. 1666ರಲ್ಲಿ ಲಂಡನ್ನಿಗೆ ಬೆಂಕಿ ಬಿತ್ತು. ಬೆಳಗಿನ ಜಾವ ಮೂರಕ್ಕೆ ಮನೆಗೆಲಸದವಳು ಎಬ್ಬಿಸಿದಳು. ಈ ಪುಣ್ಯಾತ್ಮ ಕಿಟಕಿಯಲ್ಲಿ ನೋಡಿ, ಬೆಂಕಿ ದೂರ ಇದೆ ಅಂದುಕೊಂಡು ಮತ್ತೆ ಮಲಗಿದ! ಬೆಂಕಿ ಹತ್ತಿರ ಬಂದಾಗ ಮಾತ್ರ ತೋಟದಲ್ಲಿ ಗುಂಡಿ ತೋಡಿ ವೈನನ್ನೂ ಪಾರ್ಮೆಸಾನ್ ಚೀಸನ್ನೂ ಹೂತಿಟ್ಟ. ಎಷ್ಟು ಮನೆ ಸುಟ್ಟವು ಎಂಬ ಲೆಕ್ಕ ಓದಿದ ಸಂಜೆಗೇ ನನಗೆ ಮರೆತುಹೋಗುತ್ತದೆ. ಆ ಚೀಸು ಮಾತ್ರ ಮರೆಯುವುದಿಲ್ಲ.

ಇಷ್ಟನ್ನೂ ಅವನು ಬರೆದದ್ದು ಶೀಘ್ರಲಿಪಿಯಲ್ಲಿ. ಕಣ್ಣು ಹೋಗುತ್ತದೆಂಬ ಭಯದಿಂದ 1669ರ ಮೇ 31ಕ್ಕೆ ನಿಲ್ಲಿಸಿದ. ಕಣ್ಣೇನೂ ಹೋಗಲಿಲ್ಲ, 1703ರವರೆಗೆ ಬದುಕಿದ್ದ. ಅವನ ಪುಸ್ತಕಗಳ ಜೊತೆ ದಿನಚರಿಯ ಆರು ಸಂಪುಟಗಳೂ ಕೇಂಬ್ರಿಡ್ಜಿನ ಒಂದು ಕಾಲೇಜು ಸೇರಿದವು. ಅಲ್ಲಿ ಹತ್ತಿರ ಹತ್ತಿರ ನೂರು ವರ್ಷ ಸುಮ್ನೆ ಕೂತಿದ್ದವು. 1819ರಲ್ಲಿ ಜಾನ್ ಸ್ಮಿತ್ ಎಂಬ ವಿದ್ಯಾರ್ಥಿಗೆ ಇದನ್ನು ಬಿಡಿಸುವ ಕೆಲಸ ಸಿಕ್ಕಿತು. ದಿನಕ್ಕೆ ಹನ್ನೆರಡು, ಹದಿನಾಲ್ಕು ಗಂಟೆಯಂತೆ ಸುಮಾರು ಮೂರು ವರ್ಷ ಕೂತು ಬಿಡಿಸಿದ. ಆ ಶೀಘ್ರಲಿಪಿಯನ್ನು ಕಲಿಸುವ ಕೈಪಿಡಿ ಅದೇ ಗ್ರಂಥಾಲಯದಲ್ಲೇ ಇತ್ತು, ಪೀಪ್ಸನ ಪುಸ್ತಕಗಳ ನಡುವೆಯೇ. ಪಾಪದ ಹುಡುಗನಿಗೆ ಯಾರೂ ಹೇಳಲಿಲ್ಲ.

ಅದಾದ ಮೇಲೆ ಬಂದರು ನೋಡಿ ಸಂಪಾದಕರು, ಬ್ರೇಬ್ರೂಕ್ ಎಂಬ ಲಾರ್ಡ್. ಆಸ್ಥಾನ, ರಾಜಕೀಯ ಇವೆಲ್ಲ ಇರಲಿ, ಇವನ ಮನೆಯ ಸಣ್ಣಪುಟ್ಟ ಸಂಗತಿ ಯಾರಿಗೆ ಬೇಕು ಎಂಬ ಧಾಟಿಯಲ್ಲಿ ದೊಡ್ಡ ಭಾಗವನ್ನೇ ಕತ್ತರಿಸಿ 1825ರಲ್ಲಿ ಅಚ್ಚು ಹಾಕಿಸಿದರು. ಏನೂ ಬಿಡದೆ ಪೂರ್ತಿ ಬಂದದ್ದು 1970 ಮತ್ತು 1983ರ ನಡುವೆ. ಒಬ್ಬ ಲಾರ್ಡಿಗೆ ವಿಷಯಕ್ಕೆ ಬರುವ ಅವಸರ ಇದ್ದದ್ದಕ್ಕೆ ಓದುಗರು ಒಂದೂವರೆ ಶತಮಾನ ಕಾಯಬೇಕಾಯಿತು.

ಹಾಗಂತ ಉದ್ದಕ್ಕೆ ಹೇಳುವವರೆಲ್ಲ ನನಗೆ ಇಷ್ಟ ಅಂದುಕೊಳ್ಳಬೇಡಿ. ಅದು ಮಂಗಳವಾರವೋ ಬುಧವಾರವೋ ಎಂದು ಅರ್ಧ ಗಂಟೆ ವಾದಿಸುವವರನ್ನು ಕಂಡರೆ ನಾನೂ ರಸ್ತೆ ದಾಟುತ್ತೇನೆ. ಕಥೆಯ ನಡುವೆ "ನನಗೂ ಹಿಂಗೇ ಆಗಿತ್ತು" ಎಂದು ಮಾತು ಕಿತ್ತುಕೊಳ್ಳುವವರನ್ನು ಕಂಡರೂ ಅಷ್ಟೇ.

ಆದರೆ ಈಗ ಬೇರೆಯೇ ಕಾಟ. ಹೇಳುವವರೇ ಕತ್ತರಿಸಿಕೊಂಡು ಬರುತ್ತಾರೆ, ಕೊನೆಗೊಂದು ಪಾಠ ಅಂಟಿಸಿ. ಮೊನ್ನೆ ಪರಿಚಯದವರೊಬ್ಬರು ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡ ಕಥೆ ಶುರು ಮಾಡಿದರು. ಖುಷಿಯಾಗಿ ಕುರ್ಚಿ ಎಳೆದು ಕೂತೆ. "ಎರಡು ಗಂಟೆ ಒಳಗಿದ್ದೆ. ತಾಳ್ಮೆ ಅಂದರೇನು ಅಂತ ಅವತ್ತು ಕಲಿತೆ" ಎಂದರು. ಮುಗಿಯಿತು. ಒಳಗೆ ಯಾರಿದ್ದರು? ಏನು ಮಾತಾಡಿದಿರಿ? ಯಾರಾದರೂ ಅತ್ತರೇ? ಮೊದಲು ನೆಲದ ಮೇಲೆ ಕೂತವರು ಯಾರು? "ಅದೆಲ್ಲ ಯಾಕೆ ಬಿಡಿ, ಮುಖ್ಯ ವಿಷಯ ತಾಳ್ಮೆ" ಎಂದು ನನಗೇ ತಿಳಿಹೇಳಿದರು.

ಬಹಳ ಪೀಡಿಸಿದ ಮೇಲೆ ಒಳಗೆ ಇನ್ನೂ ಮೂವರಿದ್ದರು ಎಂದಷ್ಟೇ ಗೊತ್ತಾಯಿತು. ಆ ಮೂವರಲ್ಲಿ, ಇನ್ನೂ ಏನೂ ಕಲಿಯದ ಒಬ್ಬರು ಯಾರಾದರೂ ನಿಮಗೆ ಸಿಕ್ಕರೆ ದಯವಿಟ್ಟು ನನ್ನ ಹತ್ತಿರ ಕಳಿಸಿ.